ತಂದೆತಾಯಿಯನ್ನು ಬಿಡಬೇಕಾದವನು ಯಾರು?

ಪಕ್ಕೆಲುಬಿನ ಕಥೆ ಕ್ರೈಸ್ತರಲ್ಲದವರಿಗೂ ಗೊತ್ತು. ದೇವರು ಮೊದಲು ಗಂಡಸನ್ನು ಮಾಡಿದ, ಅವನ ಪಕ್ಕೆಲುಬು ತೆಗೆದು ಹೆಂಗಸನ್ನು ಮಾಡಿದ, ಅವಳು ಹಾವಿನ ಮಾತು ಕೇಳಿ ಹಣ್ಣು ತಿಂದಳು, ಗಂಡನಿಗೂ ತಿನ್ನಿಸಿ ಅವನನ್ನು ಕೆಡಿಸಿದಳು, ಆದ್ದರಿಂದ ಹೆರಿಗೆಯ ನೋವೂ ಗಂಡನ ದರ್ಬಾರೂ ಅವಳ ಪಾಲಿಗೆ ಬಂದವು. ಇಷ್ಟು ಹೇಳಿದರೆ ಬೈಬಲಿನ ಸೃಷ್ಟಿಕಥೆ ಮುಗಿಯಿತೆಂದೇ ಬಹಳ ಜನ ತಿಳಿದಿದ್ದಾರೆ. ಮದುವೆಯ ದಿನ ಪೀಠದಿಂದ ಕೇಳಿಬರುವುದೂ ಇದೇ ಕಥೆ, ಸ್ವಲ್ಪ ಸಕ್ಕರೆ ಬೆರೆಸಿದ್ದು: ಹೆಣ್ಣನ್ನು ತಲೆಯಿಂದ ತೆಗೆಯಲಿಲ್ಲ, ಕಾಲಿನಿಂದ ತೆಗೆಯಲಿಲ್ಲ, ಹೃದಯದ ಪಕ್ಕದಿಂದ ತೆಗೆದ, ಇತ್ಯಾದಿ.

ಆ ಸಕ್ಕರೆ ಕರಗಲು ಬಹಳ ದಿನ ಬೇಕಾಗಿಲ್ಲ. ಬೈಕಿಗೆಂದೋ ಸೈಟಿಗೆಂದೋ ತೌರಿನಿಂದ ದುಡ್ಡು ತಾ ಎಂದು ಹೊಡೆಸಿಕೊಂಡ ಹೆಂಗಸು ವರ್ಷ ತುಂಬುವುದರೊಳಗೆ ಗುರುಗಳ ಮನೆ ಬಾಗಿಲಿಗೆ ಬಂದರೆ ಅವಳಿಗೆ ಸಿಗುವುದು ಅದೇ ಕಥೆಯ ಇನ್ನೊಂದು ತುಂಡು. ತಗ್ಗಿ ನಡೆಯಮ್ಮ, ಇದು ಹವ್ವಳ ಕಾಲದಿಂದ ಬಂದದ್ದು, ಪ್ರಾರ್ಥನೆ ಮಾಡು, ನಿನ್ನ ಶಿಲುಬೆ ನೀನು ಹೊತ್ತುಕೋ! ನಮ್ಮ ಬಳಿಗೆ ಬಂದ ಒಬ್ಬ ತಾಯಿ, ಕೈ ಮುರಿಸಿಕೊಂಡ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಬೈಬಲಿನಲ್ಲಿ ಬರೆದಾಗಿದೆಯಲ್ಲ ಅಕ್ಕಾ, ನಾವೇನು ಮಾಡೋಕಾಗ್ತದೆ" ಎಂದು ಕೇಳಿದರು. ಈ ಪ್ರಶ್ನೆಗೆ ಪೊಲೀಸ್ ಠಾಣೆಯಲ್ಲಿ ಉತ್ತರವಿಲ್ಲ. ವಕೀಲರ ಹತ್ತಿರವೂ ಇಲ್ಲ. ಬೈಬಲನ್ನು ತೆರೆದಿಟ್ಟೇ ಇದಕ್ಕೆ ಉತ್ತರ ಹೇಳಬೇಕು.

ತೆರೆದರೆ ಮೊದಲು ಕಾಣುವುದೇನು? ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪಕ್ಕೆಲುಬೇ ಇಲ್ಲ! ಆರನೆಯ ದಿನ ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ, ಗಂಡೂ ಹೆಣ್ಣೂ ಆಗಿ, ಒಟ್ಟಿಗೇ ಸೃಷ್ಟಿಸುತ್ತಾನೆ. ಇಬ್ಬರನ್ನೂ ಹರಸುತ್ತಾನೆ. ಭೂಮಿಯ ಹೊಣೆಯನ್ನು ಇಬ್ಬರಿಗೂ ಕೊಡುತ್ತಾನೆ. ಮೀನು, ಹಕ್ಕಿ, ದನಕರುಗಳ ಮೇಲೆ ಅಧಿಕಾರದ ಮಾತು ಇದೆ. ಗಂಡಿಗೆ ಹೆಣ್ಣಿನ ಮೇಲೆ ಅಧಿಕಾರದ ಮಾತಿಲ್ಲ. ಪಕ್ಕೆಲುಬು ಬರುವುದು ಎರಡನೆಯ ಅಧ್ಯಾಯದಲ್ಲಿ. ಅಲ್ಲಿ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಬೇರೆ ಕ್ರಮದಲ್ಲಿ, ದೇವರಿಗೆ ಬೇರೆ ಹೆಸರಿಟ್ಟು. 1753ರಲ್ಲೇ ಜಾನ್ ಆಸ್ಟ್ರೂಕ್ ಎಂಬ ಫ್ರೆಂಚ್ ವೈದ್ಯ ಆ ಎರಡು ಹೆಸರುಗಳನ್ನು ಗುರುತಿಸಿ, ಇಲ್ಲಿ ಎರಡು ಮೂಲಗಳಿವೆ ಎಂದು ಬರೆದ. ಪೋಪ್ ಹನ್ನೆರಡನೆಯ ಪಿಯುಸ್ 1943ರ ತಮ್ಮ ಸುತ್ತೋಲೆಯಲ್ಲಿ, ಮೂಲಭಾಷೆಗಳನ್ನೂ ಆಯಾ ಕಾಲದ ಬರವಣಿಗೆಯ ರೂಪಗಳನ್ನೂ ನೋಡಿಯೇ ಬೈಬಲನ್ನು ಓದಬೇಕೆಂದು ಪಂಡಿತರಿಗೆ ತಿಳಿಸಿದರು. ಎರಡು ಸೃಷ್ಟಿಕಥೆಗಳ ವಿಚಾರ ದೈವಶಾಸ್ತ್ರದ ಕಾಲೇಜಿನಲ್ಲಿ ಓದಿದ ಗುರುಗಳಿಗೆ ಹೊಸದೇನಲ್ಲ. ಪೀಠ ಹತ್ತಿದೊಡನೆ ಮರೆತುಹೋಗುತ್ತದೆ, ಅಷ್ಟೆ. ಎರಡು ಕಥೆಗಳಲ್ಲಿ ಹೆಣ್ಣಿಗೆ ಸಮಪಾಲು ಕೊಡುವ ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಯಾಕೆ ಹಿಡಿದುಕೊಂಡಿರಿ ಎಂದು ನಾವು ಕೇಳಬೇಡವೇ?

ಆ ಎರಡನೆಯ ಕಥೆಯೂ ಅವರು ಹೇಳುವಂತಿಲ್ಲ. ಹೀಬ್ರೂ ಭಾಷೆಯಲ್ಲಿ 'ಆದಾಮ್' ಎಂದರೆ ಮನುಷ್ಯ. 'ಆದಾಮಾ' ಎಂಬ ಮಣ್ಣಿನಿಂದ ಮಾಡಿದ್ದು, ಮಣ್ಣಿನ ಜೀವ. 'ತ್ಸೇಲಾ' ಎಂಬ ಪದವನ್ನು ಇಲ್ಲಿ ಪಕ್ಕೆಲುಬು ಎಂದು ಅನುವಾದಿಸಿದ್ದಾರೆ. ಅದೇ ಪದ ವಿಮೋಚನಕಾಂಡದಲ್ಲಿ ದೇವರ ಮಂಜೂಷದ ವಿಷಯಕ್ಕೆ ಬಂದಾಗ 'ಪಕ್ಕ' ಎಂದಾಗುತ್ತದೆ, ಒಂದು ಮಗ್ಗುಲು. ಮಂಜೂಷಕ್ಕೆ ಇಡೀ ಮಗ್ಗುಲು, ಹೆಂಗಸಿಗೆ ಒಂದು ಎಲುಬು! ಇನ್ನು 'ಸಹಾಯಕಿ' ಎಂಬ ಮಾತು. ಅಡುಗೆಮನೆಯ ಕೈಯಾಳು ಎಂಬ ಅರ್ಥದಲ್ಲಿ ಇದನ್ನು ಎಷ್ಟು ಮದುವೆಗಳಲ್ಲಿ ಕೇಳಿಲ್ಲ ನಾವು? ಹೀಬ್ರೂವಿನಲ್ಲಿ ಅಲ್ಲಿರುವ ಪದ 'ಏಜೆರ್'. ಕೀರ್ತನೆಗಳ ಗ್ರಂಥದಲ್ಲಿ ಈ ಪದ ಮತ್ತೆ ಮತ್ತೆ ಬರುವುದು ದೇವರಿಗೆ, ಕಷ್ಟದಲ್ಲಿರುವವರ ನೆರವಿಗೆ ಬರುವವನೆಂಬ ಅರ್ಥದಲ್ಲಿ. ದೇವರು ಇಸ್ರೇಲಿಗೆ ಏಜೆರ್ ಆದರೆ ಆತ ಇಸ್ರೇಲಿನ ಕೈಯಾಳಾದನೇ? ಅಮೆರಿಕದ ಫಿಲಿಸ್ ಟ್ರಿಬಲ್ 1970ರ ದಶಕದಿಂದ ಹೀಬ್ರೂ ಮೂಲವನ್ನು ಮುಂದಿಟ್ಟುಕೊಂಡು ಇದನ್ನೆಲ್ಲ ಬರೆಯುತ್ತಾ ಬಂದರು. ಅವರೇನೂ ನಾಸ್ತಿಕರಲ್ಲ, ಬೈಬಲನ್ನು ಪ್ರೀತಿಸಿದ ಪಂಡಿತೆ.

ಹಣ್ಣಿನ ಪ್ರಕರಣಕ್ಕೆ ಬರೋಣ. (ಸೇಬುಹಣ್ಣು ಎಂದು ಎಲ್ಲೂ ಬರೆದಿಲ್ಲ. ಅದು ಚಿತ್ರ ಬರೆದವರ ಕಾಣಿಕೆ.) ತಿನ್ನಬಾರದೆಂಬ ಅಪ್ಪಣೆ ಕೊಟ್ಟಾಗ ಆ ಹೆಂಗಸು ಇನ್ನೂ ಹುಟ್ಟಿರಲೇ ಇಲ್ಲ! ಹಾವಿನ ಜೊತೆ ವಾದ ಮಾಡಿದವಳು, ಯೋಚಿಸಿದವಳು ಅವಳು. ಅವನು ಏನು ಮಾಡುತ್ತಿದ್ದ? ಮೂಲದಲ್ಲಿ 'ಅವಳ ಜೊತೆಗಿದ್ದ' ಎಂಬ ಅರ್ಥದ ಒಂದು ಸಣ್ಣ ಪದವಿದೆ. ಎಂದರೆ ಗಂಡ ಪಕ್ಕದಲ್ಲೇ ನಿಂತಿದ್ದ, ಎಲ್ಲ ಕೇಳಿಸಿಕೊಂಡ, ತುಟಿ ಬಿಚ್ಚಲಿಲ್ಲ, ಕೊಟ್ಟದ್ದನ್ನು ತಿಂದ. ಸಂತ ಜೆರೋಮ್ ಬೈಬಲನ್ನು ಲ್ಯಾಟಿನ್ನಿಗೆ ತಂದಾಗ ಆ ಸಣ್ಣ ಪದ ಬಿಟ್ಟುಹೋಯಿತು. ಅವನ ಲ್ಯಾಟಿನ್ ಬೈಬಲನ್ನು ಪಶ್ಚಿಮದ ಸಭೆ ಸಾವಿರಕ್ಕೂ ಹೆಚ್ಚು ವರ್ಷ ಓದಿತು. ನಿಮ್ಮ ಮನೆಯ ಬೈಬಲಿನಲ್ಲಿ ಆ ಪದ ಇದೆಯೇ ನೋಡಿ, ಗೆಳತಿಯರೇ: ಆದಿಕಾಂಡ, ಮೂರನೆಯ ಅಧ್ಯಾಯ, ಆರನೆಯ ವಚನ. ದೇವರು ವಿಚಾರಿಸಿದಾಗ ಆದಾಮ ಕೊಟ್ಟ ಉತ್ತರವನ್ನಂತೂ ನಾವು ದಿನಾ ಕೇಳುತ್ತೇವೆ. ನನ್ನದೇನಿಲ್ಲ, ಎಲ್ಲ ಇವಳದೇ, ಇವಳನ್ನು ಕೊಟ್ಟ ನಿನ್ನದೇ! ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಕೂತ ಯಾವ ಕಾರ್ಯಕರ್ತೆಗೂ ಈ ಧಾಟಿ ಹೊಸದಲ್ಲ.

ಈಗ ಶಾಪ. ಹೆಣ್ಣಿಗೆ ದೇವರ ಶಾಪವಿದೆ ಎಂಬುದು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಅಧ್ಯಾಯದಲ್ಲಿ ಶಾಪವೆಂಬ ಪದ ಬರುವುದು ಎರಡೇ ಸಲ, ಒಂದು ಹಾವಿಗೆ, ಇನ್ನೊಂದು ನೆಲಕ್ಕೆ. ಹೆಂಗಸಿಗೂ ಶಾಪವಿಲ್ಲ, ಗಂಡಸಿಗೂ ಇಲ್ಲ. ಮುಂದೆ ಬದುಕು ಹೇಗೆ ಕೆಡುತ್ತದೆ ಎಂಬುದನ್ನು ಇಬ್ಬರಿಗೂ ಹೇಳಲಾಗಿದೆ. ಅವಳಿಗೆ ಹೆರಿಗೆಯ ಕಷ್ಟ, ಗಂಡನ ಆಳ್ವಿಕೆ. ಅವನಿಗೆ ಮುಳ್ಳುಕಳೆ ಬೆಳೆಯುವ ಹೊಲ, ಬೆವರು ಸುರಿಸಿದ ಅನ್ನ. ಕೆಟ್ಟುಹೋದ ಲೋಕದ ವರ್ಣನೆ ಇದು. ಇದನ್ನು ಅಪ್ಪಣೆ ಎಂದು ಓದುವುದಾದರೆ ಗಂಡಸರೂ ಹಾಗೆಯೇ ಓದಲಿ! ಯಾವ ಕ್ರೈಸ್ತ ರೈತನೂ ದೇವರಾಜ್ಞೆಯೆಂದು ಹೊಲದಲ್ಲಿ ಕಳೆ ಕೀಳದೆ ಬಿಟ್ಟಿದ್ದಾನೆಯೇ? ಬೆವರಬೇಕೆಂದು ಬರೆದಿದೆ ಅಂತ ಟ್ರ್ಯಾಕ್ಟರು ಬೇಡವೆಂದವನುಂಟೇ? ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಸಂಬಳ ಎಣಿಸುವವನಿಗೆ ಯಾವ ಗುರುವೂ ಹೋಗಿ, ಮುಳ್ಳು ಎಲ್ಲಿ, ಬೆವರು ಎಲ್ಲಿ ಎಂದು ಕೇಳಿಲ್ಲ. ತನ್ನ ಪಾಲಿನ ಕಷ್ಟಕ್ಕೆ ಯಂತ್ರ ಕಂಡುಹಿಡಿದ ಗಂಡಸು ಅವಳ ಪಾಲಿನದನ್ನು ಮಾತ್ರ ಕಲ್ಲಿನಲ್ಲಿ ಕೆತ್ತಿಸಿಟ್ಟ.

ಇದು ಬರಿಯ ವಾದವಲ್ಲ, ಹೀಗೆ ನಡೆದದ್ದುಂಟು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ನೋವು ತಿಳಿಯದಂತೆ ಕ್ಲೋರೋಫಾರ್ಮ್ ಕೊಡಲು ಶುರುಮಾಡಿದಾಗ, ಆದಿಕಾಂಡಕ್ಕೆ ಇದು ವಿರುದ್ಧ, ಹೆಣ್ಣು ನೋವಿನಿಂದಲೇ ಹೆರಬೇಕು ಎಂಬ ಆಕ್ಷೇಪ ಎದ್ದಿತು. ಅದಕ್ಕೆಂದೇ ಆತ ಒಂದು ಪುಸ್ತಿಕೆ ಬರೆದು ಉತ್ತರ ಕೊಡಬೇಕಾಯಿತು. ಆದಾಮನ ಪಕ್ಕೆ ತೆಗೆಯುವ ಮುಂಚೆ ದೇವರು ಅವನಿಗೆ ಗಾಢನಿದ್ದೆ ಬರಿಸಿದನಲ್ಲ ಎಂದು ಅದರಲ್ಲಿ ನೆನಪಿಸಿದ! ಗಂಡಸಿನ ಶಸ್ತ್ರಚಿಕಿತ್ಸೆಗೆ ನಿದ್ದೆ ಉಂಟು, ಹೆಂಗಸಿನ ಹೆರಿಗೆಗೆ ಇಲ್ಲವೇ? 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡಳು. ಇವತ್ತು ಮಿಷನ್ ಆಸ್ಪತ್ರೆಗಳಲ್ಲೂ ನೋವು ಕಡಿಮೆ ಮಾಡುವ ಮದ್ದು ಕೊಡುತ್ತಾರೆ, ದೇವರೇನೂ ಮುನಿಸಿಕೊಂಡಿಲ್ಲ. ಒಂದೇ ವಚನದ ಮೊದಲರ್ಧವನ್ನು ಹೀಗೆ ಸದ್ದಿಲ್ಲದೆ ಕೈಬಿಟ್ಟವರು ಎರಡನೆಯರ್ಧವಾದ ಗಂಡನ ಆಳ್ವಿಕೆಯನ್ನು ಮಾತ್ರ ದೇವರ ಕಟ್ಟಳೆ ಎನ್ನುವುದು ಯಾವ ನ್ಯಾಯ?

ಪೀಠದಿಂದ ಓದಿದರೂ ಯಾರೂ ಕೇಳಿಸಿಕೊಳ್ಳದ ವಚನವೊಂದಿದೆ. ಎರಡನೆಯ ಅಧ್ಯಾಯದ ಕೊನೆಯಲ್ಲಿ, ಹಣ್ಣು ತಿನ್ನುವುದಕ್ಕೆ ಮುಂಚೆ, ಎಲ್ಲವೂ ಚೆನ್ನಾಗಿದ್ದಾಗಲೇ ಬರುವ ಮಾತು. ತಂದೆತಾಯಿಯನ್ನು ಬಿಟ್ಟು ಸಂಗಾತಿಯನ್ನು ಸೇರಿಕೊಳ್ಳುವುದರ ಬಗ್ಗೆ ಅದು ಹೇಳುತ್ತದೆ. ಬಿಡುವವರು ಯಾರು? ಗಂಡಸು! ಹೆಣ್ಣು ತೌರು ಬಿಟ್ಟು ಹೋಗಲಿ ಎಂದಿಲ್ಲ. ಗಂಡು ತನ್ನ ಅಪ್ಪ ಅಮ್ಮನನ್ನು ಬಿಟ್ಟು ಹೆಂಡತಿಯನ್ನು ಅಂಟಿಕೊಳ್ಳುವನು ಎಂದಿದೆ. ಯೇಸು ಕೂಡ ಮದುವೆಯ ವಿಚಾರ ಬಂದಾಗ ಇದೇ ಮಾತನ್ನು ಎತ್ತಿ ಹೇಳಿದ್ದಾನೆ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಪ್ರತಿ ಮದುವೆಯಲ್ಲೂ ಇದನ್ನು ಓದುತ್ತಾರೆ. ಓದಿ ಮುಗಿಸಿ, ಹುಡುಗಿಯನ್ನು ಅವಳ ತಂದೆತಾಯಿಯಿಂದ ಬಿಡಿಸಿ, ಅತ್ತೆ ಮಾವ ಇರುವ ಮನೆಗೆ, ಬಂಗಾರ ಬೀರು ಸಮೇತ ಸಾಗಹಾಕುತ್ತಾರೆ. ಎಷ್ಟು ಸಲ ಓದಿಸಿಕೊಂಡರೂ ಒಬ್ಬನೇ ಒಬ್ಬ ಗಂಡು ಎದ್ದು, ಹಾಗಾದರೆ ಮನೆ ಬಿಡಬೇಕಾದವನು ನಾನಲ್ಲವೇ ಎಂದು ಕೇಳಿದ್ದನ್ನು ನಾವು ಕಂಡಿಲ್ಲ.

ಅಕ್ಷರ ಅಕ್ಷರವಾಗಿ ಬೈಬಲಿನಂತೆ ನಡೆಯುತ್ತೇವೆ ಎನ್ನುವವರು ಈ ಅಕ್ಷರಗಳನ್ನು ಏನು ಮಾಡಿದರು? ಕೊಂಕಣಿ ಕ್ರೈಸ್ತರಲ್ಲಿ ವರದಕ್ಷಿಣೆಗೆ 'ದೋತ್' ಎಂಬ ಹೆಸರುಂಟು, ಪೋರ್ಚುಗೀಸರ ಮಾತು. ಬಯಲುಸೀಮೆಯಲ್ಲಿ 'ಹುಡುಗನಿಗೆ ಕೊಡುವುದು'. ಹೆಸರು ಏನಿದ್ದರೂ ಹಣ ಹೋಗುವ ದಾರಿ ಒಂದೇ. ಆದಿಕಾಂಡದಲ್ಲಿ ಅದರ ದಾರಿ ತಿರುಗುಮುರುಗು. ರೆಬೆಕ್ಕಳನ್ನು ಕೇಳಲು ಬಂದ ಅಬ್ರಹಾಮನ ಸೇವಕ ಹತ್ತು ಒಂಟೆ ತಂದ, ಹುಡುಗಿಗೆ ಚಿನ್ನದ ಮೂಗುತಿ, ಬಳೆ ಕೊಟ್ಟ, ಅವಳ ಅಣ್ಣನಿಗೂ ತಾಯಿಗೂ ಉಡುಗೊರೆ ಕೊಟ್ಟ. ಅವಳು ತೌರು ಬಿಟ್ಟು ಹೊರಟಳು ನಿಜ. ಆದರೆ ಹೋಗುತ್ತೀಯಾ ಎಂದು ಅವಳನ್ನೇ ಕರೆದು ಕೇಳಿದರು. ಯಾಕೋಬನಂತೂ ರಾಹೇಲಳಿಗಾಗಿ 7 ವರ್ಷ ದುಡಿದ. ಮಾವ ಲಾಬಾನ ಮೋಸಮಾಡಿ ಲೇಯಳನ್ನು ಕೊಟ್ಟಾಗ ಇನ್ನೂ 7 ವರ್ಷ ದುಡಿದ. ವರದಕ್ಷಿಣೆ ಕೇಳುವ ಕ್ರೈಸ್ತ ಹುಡುಗನಿಗೆ ಇದನ್ನು ಓದಿ ಹೇಳಿದವರಿದ್ದಾರೆಯೇ?

ತೆರ ಕೊಟ್ಟರೆ ಹೆಣ್ಣಿಗೆ ಬಿಡುಗಡೆ ಸಿಕ್ಕಿತೆಂದು ಯಾರೂ ತಿಳಿಯಬೇಕಾಗಿಲ್ಲ. ಲೇಯ, ರಾಹೇಲ ಇಬ್ಬರೂ ಒಟ್ಟಾಗಿ ತಂದೆಯ ಮೇಲೆ ದೂರುತ್ತಾರೆ, ಆದಿಕಾಂಡದ 31ನೆಯ ಅಧ್ಯಾಯದಲ್ಲಿ. ನಮ್ಮನ್ನು ಮಾರಿದ, ನಮ್ಮ ಹೆಸರಿನ ದುಡ್ಡನ್ನು ತಾನೇ ತಿಂದುಹಾಕಿದ, ಅಪ್ಪನ ಮನೆಯಲ್ಲಿ ನಮಗಿನ್ನೇನು ಪಾಲಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಮೂರು ಸಾವಿರ ವರ್ಷದಷ್ಟು ಹಳೆಯ ಕಥೆಯಲ್ಲಿ, ಒಬ್ಬನನ್ನೇ ಮದುವೆಯಾಗಿ ಒಬ್ಬರಿಗೊಬ್ಬರು ಸವತಿಯರಾದ ಅಕ್ಕತಂಗಿಯರು ಒಂದಾಗಿ ಆಡಿದ ಈ ಮಾತಿನ ಮೇಲೆ ಪ್ರಸಂಗ ಕೇಳಿದವರಿದ್ದರೆ ನಮಗೆ ಬರೆಯಿರಿ. ಆ ಮದುವೆಯಲ್ಲಿ ಬಳುವಳಿಯಾಗಿ ಬಂದ ಜಿಲ್ಪ, ಬಿಲ್ಹ ಎಂಬ ಇಬ್ಬರು ದಾಸಿಯರಿದ್ದರು. ಅವರನ್ನು ಯಾಕೋಬನ ಹಾಸಿಗೆಗೆ ಕಳಿಸಿದರು, ಅವರು ಹೆತ್ತ ಮಕ್ಕಳೂ ಇಸ್ರೇಲಿನ ಕುಲಗಳಾದರು. ಆ ಇಬ್ಬರು ಆಡಿದ ಒಂದು ಮಾತೂ ಇಡೀ ಗ್ರಂಥದಲ್ಲಿಲ್ಲ. ಗ್ರಂಥದ ಒಳಗೂ ಪಿತೃಪ್ರಧಾನ ವ್ಯವಸ್ಥೆ ಕೂತಿದೆ, ಅದನ್ನು ಮರೆಮಾಚುವುದು ನಮ್ಮ ಕೆಲಸವಲ್ಲ. ಆದರೆ ಅದರಲ್ಲಿ ಇಲ್ಲದ ದೌರ್ಜನ್ಯವನ್ನೂ ಅದರ ತಲೆಗೆ ಕಟ್ಟಿ, ಅದರಲ್ಲಿರುವ ದೂರುಗಳನ್ನು ಮುಚ್ಚಿಟ್ಟಿರುವವರು ಬೇರೆ.

ಆಸ್ತಿಯ ವಿಚಾರವೂ ಹೀಗೆಯೇ. ಅರಣ್ಯಕಾಂಡದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲದ ತಂದೆಯ ಪಾಲು ತಮಗೆ ಬರಬೇಕೆಂದು ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ಕೇಳಿದರು. ಅವರು ಹೇಳುವುದು ಸರಿ ಎಂದು ದೇವರೇ ತೀರ್ಪು ಕೊಟ್ಟ. (ಮುಂದೆ ಕುಲದ ಗಂಡಸರು ಬಂದು, ಹಾಗಾದರೆ ಅವರು ನಮ್ಮ ಕುಲದಲ್ಲೇ ಮದುವೆಯಾಗಲಿ ಎಂದು ಕಟ್ಟು ಹಾಕಿಸಿದ್ದು ಬೇರೆ ಮಾತು!) ಇದೇ ಗ್ರಂಥವನ್ನು ಓದುವ ತಿರುವಾಂಕೂರಿನ ಕ್ರೈಸ್ತರಿಗೆ 1916ರಲ್ಲಿ ಬಂದ ಉತ್ತರಾಧಿಕಾರ ಕಾಯಿದೆ ಏನು ಹೇಳಿತು? ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಮಗಳಿಗೆ. ಮದುವೆಯಲ್ಲಿ ಸ್ತ್ರೀಧನ ಕೊಟ್ಟಿದ್ದರೆ, ಕೊಡುತ್ತೇವೆಂದು ಬರಿಯ ಮಾತು ಕೊಟ್ಟಿದ್ದರೂ, ಅದೂ ಇಲ್ಲ. ಹುಡುಗನ ಮನೆಯವರ ಕೈಸೇರುವ ದುಡ್ಡಿಗೆ ಹೆಣ್ಣಿನ ಆಸ್ತಿಹಕ್ಕು ಬಲಿ! ಮೇರಿ ರಾಯ್ ಎಂಬ ಒಬ್ಬ ಹೆಂಗಸು ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1986ರಲ್ಲಿ ಆ ಕಾಯಿದೆಯನ್ನು ಮೂಲೆಗೆ ಹಾಕಿಸಿದರು. ಅಂದಿನಿಂದ ಅಲ್ಲಿಯ ಹೆಣ್ಣುಮಕ್ಕಳಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಸಮಪಾಲು. ಆದರೆ "ಮದುವೆಯಲ್ಲಿ ಅವಳಿಗೆ ಕೊಟ್ಟಾಯಿತಲ್ಲ" ಎಂದು ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಅಣ್ಣತಮ್ಮಂದಿರು ಯಾವ ರಾಜ್ಯದಲ್ಲಿಲ್ಲ, ಯಾವ ಧರ್ಮದಲ್ಲಿಲ್ಲ?

ಹೊಡೆತದ ಕಥೆ ಇನ್ನೂ ದೊಡ್ಡದು. 1869ರ ಭಾರತೀಯ ವಿಚ್ಛೇದನ ಕಾಯಿದೆ ಕ್ರೈಸ್ತ ಗಂಡನಿಗೆ, ಹೆಂಡತಿಯ ಹಾದರವೊಂದನ್ನು ತೋರಿಸಿದರೆ ಸಾಕು, ವಿಚ್ಛೇದನ ಕೊಟ್ಟಿತು. ಹೆಂಡತಿಗೆ ಗಂಡನ ಹಾದರ ಸಾಲದು, ಅದರ ಜೊತೆಗೆ ಕ್ರೌರ್ಯವೋ ಎರಡು ವರ್ಷದ ಪರಿತ್ಯಾಗವೋ ಇರಬೇಕಿತ್ತು. ಗಂಡ ಎಲುಬು ಮುರಿದರೂ ಅವನು ಬೇರೆ ಹೆಣ್ಣಿನ ಸಹವಾಸ ಮಾಡದಿದ್ದರೆ ಬಿಡುಗಡೆಯಿಲ್ಲ, ಬೇರೆ ವಾಸಿಸಬಹುದು ಅಷ್ಟೆ. ಈ ಕಾನೂನನ್ನು ತಂದ ಇಂಗ್ಲೆಂಡ್ ತನ್ನ ದೇಶದ ಹೆಂಗಸರಿಗೆ 1923ರಲ್ಲೇ ಹಾದರದ ವಿಷಯದ ತಾರತಮ್ಯ ತೆಗೆದುಹಾಕಿತು. ನಮ್ಮಲ್ಲಿ 1995ರಲ್ಲಿ ಕೇರಳ ಹೈಕೋರ್ಟು ಅದರ ಕೆಲವು ಭಾಗಗಳನ್ನು ಹೊಡೆದುಹಾಕಿತು. ಇಡೀ ದೇಶಕ್ಕೆ ಕ್ರೌರ್ಯವೊಂದೇ ಸಾಕಾದ ಕಾರಣವೆಂದು ತಿದ್ದುಪಡಿ ಬಂದದ್ದು 2001ರಲ್ಲಿ. 132 ವರ್ಷ! ಆ 132 ವರ್ಷ ಎಷ್ಟು ಹೆಂಗಸರು ಪಕ್ಕೆಲುಬಿನ ಪ್ರಸಂಗ ಕೇಳಿಸಿಕೊಂಡು ವಾಪಸು ಹೋದರೋ ಲೆಕ್ಕ ಇಟ್ಟವರಿಲ್ಲ.

ಇಷ್ಟು ಬರೆದರೆ ಬರುವ ಆಕ್ಷೇಪಗಳು ನಮಗೆ ಗೊತ್ತಿವೆ. ಪೌಲನ ಹೆಸರಿನಲ್ಲಿ ತಿಮೊಥೆಗೆ ಬರೆದ ಪತ್ರದಲ್ಲಿ, ಮೊದಲು ಹುಟ್ಟಿದವನು ಆದಾಮ, ಮೋಸಹೋದವಳು ಹವ್ವ ಎಂದಿಲ್ಲವೇ ಎನ್ನುತ್ತಾರೆ. ಇದೆ. ಆ ಪತ್ರ ಪೌಲನದೇ ಅಲ್ಲ ಎನ್ನುವ ಪಂಡಿತರು ಬಹಳ ಜನ ಇದ್ದಾರೆ. ಗಲಾತ್ಯದವರಿಗೆ ಬರೆದ ಪತ್ರ ಪೌಲನದೇ ಎಂಬುದರಲ್ಲಿ ಅನುಮಾನವಿಲ್ಲ, ಅದರಲ್ಲಿ ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದಿದೆ. ಯಾವುದನ್ನು ಹಿಡಿಯುತ್ತೀರಿ ಎಂಬುದು ಮತ್ತೆ ಆರಿಸುವವರ ಕೈಯಲ್ಲಿದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ನಾವು ಅಲ್ಪಸಂಖ್ಯಾತರು, 2008ರಲ್ಲಿ ಮಂಗಳೂರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು, ಈ ಕಾಲದಲ್ಲಿ ಮನೆಯ ಮಾತನ್ನು ಬೀದಿಗೆ ತರಬೇಡಿ ಎನ್ನುತ್ತಾರೆ, ಹೆಂಗಸರೂ ಹೇಳುತ್ತಾರೆ. ಆ ದಾಳಿಯನ್ನು ಖಂಡಿಸುವವರು ನಾವು, ಕ್ರೈಸ್ತರ ಮೇಲೆ ಕೋಲೆತ್ತುವವರ ಕೈಗೆ ಇನ್ನೊಂದು ಕೋಲು ಕೊಡುವ ಮನಸ್ಸು ನಮಗಿಲ್ಲ. ಮನುಸ್ಮೃತಿಯನ್ನು ಪ್ರಶ್ನಿಸಿದ ನಾಲಿಗೆಯಿಂದಲೇ ಇದನ್ನೂ ಪ್ರಶ್ನಿಸುತ್ತಿದ್ದೇವೆ. ಸಮುದಾಯದ ಮಾನ ಉಳಿಸಲು ಮಗಳು ಏಟು ತಿನ್ನಬೇಕು ಎನ್ನುವ ಸಮುದಾಯ ಅವಳಿಗೆ ಆಸರೆಯಲ್ಲ.

ಇದೆಲ್ಲ ಪಾಶ್ಚಾತ್ಯ ಹೆಂಗಸರ ಹುಚ್ಚು ಎನ್ನುವವರಿಗೆ ಒಂದು ಹೆಸರು ನೆನಪಿಸುತ್ತೇವೆ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಕ್ರೈಸ್ತಳಾದರು. ಬಿಷಪ್ಪರು ಹೇಳಿದ್ದನ್ನೆಲ್ಲ ಒಪ್ಪುವವರಾಗಿರಲಿಲ್ಲ, ತನ್ನ ಬುದ್ಧಿಯನ್ನು ಯಾರಿಗೂ ಒತ್ತೆಯಿಡಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಮರಾಠಿಗೆ ತಾವೇ ಅನುವಾದಿಸಿ, ಅದನ್ನು ಮುಗಿಸಿ 1922ರಲ್ಲಿ ಕಣ್ಣುಮುಚ್ಚಿದರು. ಕೇಡಗಾಂವ್‌ನ ಅವರ ಮುಕ್ತಿ ಮಿಷನ್ನಿನಲ್ಲಿ ಗಂಡ ಸತ್ತವರು, ಮನೆಯವರು ಹೊರಹಾಕಿದವರು ಅಚ್ಚಿನ ಮೊಳೆ ಜೋಡಿಸಿದರು. ಬೈಬಲನ್ನು ಹೆಂಗಸರು ತಾವೇ ಓದಿ ಅರ್ಥಮಾಡಿಕೊಳ್ಳುವುದು ನಮ್ಮ ನೆಲದ್ದೇ ಪರಂಪರೆ.

ನಮ್ಮ ಚಳವಳಿಯ ಗೆಳತಿಯರಿಗೂ ಒಂದು ಮಾತು. ಈ ಹಳೆಯ ಪುಸ್ತಕದ ಗೊಡವೆ ಯಾಕೆ, ಕಾನೂನು ಸಾಕು ಎನ್ನುತ್ತೀರಿ. ಅಮೆರಿಕದಲ್ಲಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ 1895ರಲ್ಲಿ ಹೆಂಗಸರ ದೃಷ್ಟಿಯಿಂದ ಬೈಬಲಿಗೆ ಟಿಪ್ಪಣಿ ಬರೆಸಿ ಪ್ರಕಟಿಸಿದಾಗ, ಮರುವರ್ಷ ಅವರದೇ ಮತದಾನದ ಹಕ್ಕಿನ ಸಂಘ, ಆ ಪುಸ್ತಕಕ್ಕೂ ನಮಗೂ ಸಂಬಂಧವಿಲ್ಲವೆಂದು ಠರಾವು ಮಾಡಿತು. ಮತದ ಹಕ್ಕು ಬಂತು, ಪಕ್ಕೆಲುಬಿನ ಪ್ರಸಂಗ ನಿಲ್ಲಲಿಲ್ಲ. ಠಾಣೆಗೆ ಹೋಗಲು ಕಾಲು ಬಾರದ ಹೆಂಗಸಿನ ಕಾಲು ಹಿಡಿದಿರುವುದು ಕಾನೂನಿನ ಕೊರತೆಯಲ್ಲ. 498ಎ ಬಂದದ್ದು 1983ರಲ್ಲಿ, ಕೌಟುಂಬಿಕ ಹಿಂಸೆಯಿಂದ ರಕ್ಷಣೆಯ ಕಾಯಿದೆ 2005ರಲ್ಲಿ. ದೇವರ ಮಾತನ್ನು ಮೀರುತ್ತಿದ್ದೇನೆಂಬ ಅಂಜಿಕೆಗೆ ಕಾಯಿದೆಯಲ್ಲಿ ಕಲಮಿಲ್ಲ.

ಸಭೆಗಳ ಕಡತದಲ್ಲಿ ಒಳ್ಳೆಯ ಮಾತುಗಳಿಗೆ ಬರವಿಲ್ಲ ಎಂಬುದೇ ಸಿಟ್ಟು ತರಿಸುವ ಸಂಗತಿ. ಗಂಡನ ಆಳ್ವಿಕೆ ಪಾಪದ ಫಲ, ದೇವರ ಉದ್ದೇಶವಲ್ಲ ಎಂದು ಪೋಪ್ ಎರಡನೆಯ ಜಾನ್ ಪಾಲ್ 1988ರ ಪತ್ರದಲ್ಲಿ ಬರೆದಾಗಿದೆ. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ದೊಡ್ಡ ಅಪಾಯವಿದ್ದರೆ ಬೇರೆ ಇರಲು ಕಾರಣವುಂಟು ಎಂದು 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ಕಲಮು ಹೇಳುತ್ತದೆ. ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೇ ಆಗಬಹುದೆಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದರು. ಹೊಡೆಸಿಕೊಂಡು ಬಂದವಳಿಗೆ ಇದರಲ್ಲಿ ಯಾವುದನ್ನು ಓದಿ ಹೇಳುತ್ತಾರೆ? ದಕ್ಷಿಣ ಭಾರತ ಸಭೆ 2013ರಲ್ಲಿ ನಂದ್ಯಾಲದಲ್ಲಿ ಹೆಂಗಸೊಬ್ಬರನ್ನು ಬಿಷಪ್ ಮಾಡಿತು. ಒಳ್ಳೆಯದು. ಅದೇ ಸಭೆಯ ಎಷ್ಟು ಊರುಗಳ ಪೀಠದಲ್ಲಿ ಆದಿಕಾಂಡದ ಮೊದಲ ಅಧ್ಯಾಯ ಎರಡನೆಯದಕ್ಕಿಂತ ಮೊದಲು ಬರುತ್ತದೆ?

ಮದುವೆ ನಡೆಸುವ ಗುರುಗಳಿಗೆ 1961ರ ವರದಕ್ಷಿಣೆ ನಿಷೇಧ ಕಾಯಿದೆ ಗೊತ್ತಿದೆ. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಕನಿಷ್ಠ 5 ವರ್ಷ ಸೆರೆ, 15,000 ರೂಪಾಯಿ ಅಥವಾ ಕೊಟ್ಟ ಮೊತ್ತ, ಯಾವುದು ಹೆಚ್ಚೋ ಅಷ್ಟು ದಂಡ. ಕ್ರೈಸ್ತರಿಗೆ ಅದರಲ್ಲಿ ವಿನಾಯಿತಿಯಿಲ್ಲ. ಮದುವೆಗೆ ಮುಂಚೆ ಮೂರು ಭಾನುವಾರ ಇದೇ ಗುರುಗಳು ವಧೂವರರ ಹೆಸರು ಓದಿ, ಈ ಮದುವೆಗೆ ಅಡ್ಡಿಯಾಗುವಂಥದ್ದೇನಾದರೂ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ ಎಂದು ಇಡೀ ಸಭೆಗೆ ಹೇಳುತ್ತಾರೆ. ಆ ಪ್ರಕಟಣೆಯ ಜೊತೆಗೆ ಅವರು ಇನ್ನೊಂದು ಪ್ರಶ್ನೆ ಸೇರಿಸಬೇಕೆಂಬುದು ನಮ್ಮ ಬೇಡಿಕೆ: ಈ ಮದುವೆಗೆ ಎಷ್ಟು ದುಡ್ಡು, ಎಷ್ಟು ಬಂಗಾರ ಕೈಯಿಂದ ಕೈಗೆ ಹೋಗಿದೆ? ಹುಡುಗನನ್ನೂ ಅವನ ತಂದೆತಾಯಿಯನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಿಯೇ ಕೇಳಲಿ. ಮೂರು ಭಾನುವಾರಗಳಲ್ಲಿ ಉತ್ತರ ಬಾರದಿದ್ದರೆ ನಾಲ್ಕನೆಯ ಭಾನುವಾರವೂ ಕೇಳಲಿ.